ನಾಲ್ಕನೇ ದಿನ, ಸ್ನೋ ಪಾಯಿಂಟ್

ಟ್ರಾವೆಲ್ ಆಫೀಸಿನ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡರೆ ಮೊದಲು ಕೇಳುವುದು ಒಂದೇ ಮಾತು. "ಮೇಡಂ, ನೀವು ಎಷ್ಟು ದೇಶ ನೋಡಿದ್ದೀರಿ?" ಎರಡು ಎನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಜಯನಗರ ನಾಲ್ಕನೇ ಬ್ಲಾಕಿನ ಮೊದಲ ಮಹಡಿಯಲ್ಲಿ ಮೂವತ್ತೊಂದು ವರ್ಷ ಕೂತು, ಊರಿನವರನ್ನೆಲ್ಲ ಲೋಕ ಸುತ್ತಲು ಕಳಿಸಿದವಳು ನೋಡಿದ್ದು ಎರಡೇ ದೇಶವೆಂದರೆ ಯಾರಿಗಾದರೂ ಬೇಸರವೇ. ಏನು ಮಾಡುವುದು, ಬಡಿಸುವವಳು ಕಡೇ ಪಂಕ್ತಿಯಲ್ಲೇ ಊಟಕ್ಕೆ ಕೂರಬೇಕು. ಈ ಕೆಲಸ ಹಿಡಿಯುವ ಮುನ್ನ ಇದೊಂದನ್ನು ತಿಳಿದುಕೊಂಡಿದ್ದರೆ ಒಳ್ಳೆಯದು.

ನಾನು ಸೇರಿದಾಗ ನಮ್ಮ ಬಳಿ ಇದ್ದದ್ದು ರೈಲಿನ ಟೈಮ್ ಟೇಬಲ್ ಪುಸ್ತಕ, ಒಂದು ಫೋನು, ಒಂದಷ್ಟು ಕಾರ್ಬನ್ ಕಾಗದ. ಫ್ಯಾಕ್ಸ್ ಕಳಿಸಬೇಕಾದರೆ ಕೆಳಗಿನ ಝೆರಾಕ್ಸ್ ಅಂಗಡಿಗೆ ಇಳಿದು ಹೋಗಬೇಕಿತ್ತು. ಆಗ ಜನ ನಮ್ಮನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ಈಗ ಎಲ್ಲವನ್ನೂ ಫೋನಿನಲ್ಲಿ ನೋಡಿಕೊಂಡು ಬಂದು, ನಮಗೆ ಗೊತ್ತಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಾರೆ. ಇದರ ಬಗ್ಗೆ ನನಗೆ ಸಿಟ್ಟೇನೂ ಇಲ್ಲ. ನಮ್ಮ ಕೆಲಸ ಊರುಗಳನ್ನು ತೋರಿಸುವುದೆಂದು ನಾನು ಬಹಳ ಕಾಲ ನಂಬಿದ್ದೆ. ಎದುರು ಕೂತವರು ಏನು ಕೇಳುತ್ತಿದ್ದಾರೆಂದು ಕೇಳಿಸಿಕೊಳ್ಳುವುದೇ ಕೆಲಸ ಎಂದು ತಿಳಿಯುವ ಹೊತ್ತಿಗೆ ನಿವೃತ್ತಿ ಬಾಗಿಲಿಗೆ ಬಂದಿತ್ತು.

ಆಫೀಸಿನ ಮಾಲೀಕರು ಮೂರ್ತಿ ಸಾರ್. ಜೋರು ದನಿ, ಹಣೆಯಲ್ಲಿ ಗಂಧ, ಮೇಜಿನ ಮೇಲೆ ಯಾವಾಗಲೂ ಪಂಚಾಂಗ. ಅಮಾವಾಸ್ಯೆಯ ದಿನ ಯಾವ ಗುಂಪೂ ಹೊರಡದಂತೆ ಅವರೇ ಖುದ್ದಾಗಿ ನೋಡಿಕೊಳ್ಳುತ್ತಿದ್ದರು. ಒಳ್ಳೆಯ ಪಾಠಗಳನ್ನು ಕಲಿಸಿದವರೂ ಅವರೇ, ಕೆಟ್ಟ ಪಾಠವೊಂದನ್ನು ಕಲಿಸಿದವರೂ ಅವರೇ.

ಒಳ್ಳೆಯ ಪಾಠ ಸಿಂಗಪುರದ್ದು. ಸೇರಿದ ಮೂರನೇ ವರ್ಷ ನಾನು ಒಂದು ಗುಂಪಿಗೆ ಹೋಟೆಲ್ ಗೊತ್ತುಮಾಡಿ, ‘ಸಸ್ಯಾಹಾರ ಬೇಕು’ ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡೆ. ಹೋಟೆಲಿನವರು ಸೊಪ್ಪಿನ ಸಾರು ಕೊಟ್ಟರು. ಗುಂಪಿನ ಹಿರಿಯರೊಬ್ಬರು ಚಪ್ಪರಿಸಿ ಕುಡಿದರು. ಬಟ್ಟಲಿನ ತಳದಲ್ಲಿ ಬೆರಳುಗುರಿನಷ್ಟು ಒಣಸೀಗಡಿ ಸಿಕ್ಕಿತು. ಆಮೇಲೆ ಅವರು ಮೂರು ದಿನ ಬಾಳೆಹಣ್ಣಿನಲ್ಲೇ ಕಳೆದರು. ಮೂರ್ತಿ ಸಾರ್ ನನ್ನನ್ನು ಬೈಯಲಿಲ್ಲ. "ಸಸ್ಯಾಹಾರ ಅಂತ ಬರೆದ್ರೆ ಅವರಿಗೆ ಏನು ಅರ್ಥ ಆಗುತ್ತಮ್ಮ? ಏನೇನು ಹಾಕಬಾರದು ಅಂತ ಒಂದೊಂದಾಗಿ ಬರಿ," ಎಂದರು. ಅಂದಿನಿಂದ ಕೊನೆಯ ದಿನದವರೆಗೂ ಆ ಪಟ್ಟಿಯನ್ನು ಬರೆದೆ.

ಕೆಟ್ಟ ಪಾಠ ಮನಾಲಿಯದು. ಅಲ್ಲಿಗೆ ಹೋಗುವ ಗುಂಪಿಗೆ, ಪಾಪ ದಣಿದಿರುತ್ತಾರೆ ಎಂದು ನಾನು ಒಂದು ದಿನ ಬಿಡುವು ಇಟ್ಟೆ. ವಾಪಸು ಬಂದವರು ಆಫೀಸಿನಲ್ಲಿ ರಂಪ ಮಾಡಿದರು. ಪಕ್ಕದ ಬಸ್ಸಿನವರು ಹದಿನಾಲ್ಕು ಪಾಯಿಂಟ್ ನೋಡಿದ್ದರಂತೆ, ಇವರದು ಬರೀ ಒಂಬತ್ತು. ಸನ್‌ಸೆಟ್ ಪಾಯಿಂಟ್, ಸೂಯಿಸೈಡ್ ಪಾಯಿಂಟ್, ಸ್ನೋ ಪಾಯಿಂಟ್ ಎಂದು ಬಸ್ಸು ನಿಲ್ಲುವ ಪ್ರತಿ ಜಾಗಕ್ಕೂ ನಮ್ಮವರು ಪಾಯಿಂಟ್ ಎನ್ನುತ್ತಾರೆ, ಮನೆಗೆ ಬಂದು ಎಣಿಸುತ್ತಾರೆ. "ಬಿಡುವು ಯಾರಿಗೆ ಬೇಕು? ಅದನ್ನ ಅವರು ಮನೇಲೇ ತಗೋತಾರೆ," ಎಂದು ಮೂರ್ತಿ ಸಾರ್ ಗುಡುಗಿದರು. ಆಮೇಲೆ ನಾನು ಬಿಡುವಿನ ದಿನ ಇಡಲಿಲ್ಲ. ಏಳು ದಿನಕ್ಕೆ ಹನ್ನೊಂದು ಜಾಗ ಹೊಂದಿಸುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬವೂ ಬಂತು.

ಈ ಜಂಬ ಇಳಿದದ್ದು ನನ್ನ ಕೊನೆಯ ವರ್ಷದಲ್ಲಿ, ನಾನು ಕೈಯಾರೆ ಮುಗಿಸಿದ ಕೊನೆಯ ಫೈಲಿನಲ್ಲಿ.

ಗಣೇಶನ ಹಬ್ಬ ಮುಗಿದ ವಾರ ಗಂಡ ಹೆಂಡತಿ ಇಬ್ಬರು ಬಂದರು. ಗಿರಿಜಾ ಮೇಡಂ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದು ಆಗತಾನೇ ನಿವೃತ್ತರಾಗಿದ್ದರು. ಮನೆ ಹನುಮಂತನಗರದಲ್ಲಿ. ಯಜಮಾನರು ಬಸವರಾಜು. ಕತ್ರಿಗುಪ್ಪೆಯಲ್ಲಿ ಅವರದು ಬಾತ್‌ರೂಮ್ ಸಾಮಾನಿನ ಅಂಗಡಿ: ನಲ್ಲಿ, ಶವರ್, ವಾಶ್‌ಬೇಸಿನ್, ಕಮೋಡು. ದಾವಣಗೆರೆ ಕಡೆಯಿಂದ ಬಂದು ಮೂವತ್ತು ವರ್ಷದಿಂದ ಇಲ್ಲೇ ನೆಲೆಸಿದ ಲಿಂಗವಂತರು.

"ಮೇಡಂ, ಜಪಾನಿಗೆ ಹೋಗ್ಬೇಕು. ಅಲ್ಲಿ ಬೆಟ್ಟದಲ್ಲಿ ಸ್ಕೀ ಮಾಡ್ಬೇಕು," ಎಂದರು ಗಿರಿಜಾ ಮೇಡಂ.

"ಜಪಾನು ಪೂರ್ತಿ ನೋಡ್ಕೊಂಡು ಬರೋಣ ಅಂತ," ಎಂದು ಬಸವರಾಜು ಸೇರಿಸಿದರು. "ಸಂಕ್ರಾಂತಿ ಆದ್ಮೇಲೆ ಹಾಕಿ. ಒಂದ್ಸಲ ಹೋದ್ರೆ ಯಾವುದೂ ಬಿಡಬಾರ್ದು."

ಗಿರಿಜಾ ಮೇಡಂ ಮುಂದುವರಿಸಿದರು. "ಬಲಗಾಲಿನ ಮಂಡಿ ಸವೀತಾ ಇದೆ. ಡಾಕ್ಟ್ರನ್ನ ಕೇಳ್ದೆ. ಈ ಚಳಿಗಾಲ ಪರವಾಗಿಲ್ಲ, ಕಲಿಯೋರ ಇಳಿಜಾರಲ್ಲಿ, ಹೇಳಿಕೊಡೋರ ಜೊತೆ ಹುಷಾರಾಗಿ ಮಾಡಿ ಅಂದ್ರು. ಎರಡು ವರ್ಷ ಬಿಟ್ಟು ಬಂದು ಕೇಳಿದ್ರೆ ಬೇಡ ಅಂತೀನಿ ಅಂತಾನೂ ಅಂದ್ರು."

ನಾನು ತಲೆಯಾಡಿಸುತ್ತಾ ಬರೆದುಕೊಂಡೆ. ಏನು ಬರೆದುಕೊಂಡೆ ಎನ್ನುವುದನ್ನು ಈಗ ಹೇಳಲು ನಾಚಿಕೆ. ‘ಮಂಡಿ ನೋವು. ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ಕೇಳುವುದು.’ ಅರವತ್ತರ ಹತ್ತಿರದ ಹೆಂಗಸು ಮಂಡಿ ಎಂದ ಕೂಡಲೇ ನಮ್ಮ ಕೈ ತಾನಾಗಿ ವೀಲ್‌ಚೇರ್ ಎಂದು ಬರೆಯುತ್ತದೆ.

ಹತ್ತು ದಿನದಲ್ಲಿ ಪ್ರವಾಸದ ಪಟ್ಟಿ ಸಿದ್ಧವಾಯಿತು. ಟೋಕಿಯೊ, ಫುಜಿ ಬೆಟ್ಟ, ಕ್ಯೋಟೊ, ನಾರಾ, ಒಸಾಕಾ, ಹಿರೋಶಿಮಾ. ಏಳು ರಾತ್ರಿ, ಹನ್ನೊಂದು ಜಾಗ. ಬಸವರಾಜು ಬೆರಳಿಟ್ಟು ಎಣಿಸಿ ಹಿಗ್ಗಿದರು. "ಸಖತ್ತಾಗಿದೆ ಮೇಡಂ. ನಮ್ಮ ಷಡ್ಡಕ ಹೋದಾಗ ಏಳೇ ನೋಡಿದ್ದು."

ಗಿರಿಜಾ ಮೇಡಂ ಎರಡು ಸಲ ಓದಿದರು. "ಸ್ಕೀ ಎಲ್ಲಿ ಬರುತ್ತೆ?"

"ನಾಲ್ಕನೇ ದಿನ ಮೇಡಂ, ನಾಗಾನೊ ಬೆಟ್ಟದಲ್ಲಿ. ಬೆಳಿಗ್ಗೆ ಹತ್ತರಿಂದ ಒಂದು ಗಂಟೆ ತನಕ. ಸ್ನೋ ಪಾಯಿಂಟ್. ಕೋಟು, ಬೂಟು ಅಲ್ಲೇ ಬಾಡಿಗೆಗೆ ಸಿಗುತ್ತೆ."

"ಸರಿ," ಎಂದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು. ಒಪ್ಪಿಗೆಯಾಯಿತು ಎಂದುಕೊಂಡು ನಾನು ಮೂರ್ತಿ ಸಾರ್ ಕಡೆ ತಿರುಗಿ ನಕ್ಕೆ. ಅವರೂ ಮೆಚ್ಚಿ ತಲೆದೂಗಿದರು.

ನನ್ನ ಮನೆ ತ್ಯಾಗರಾಜನಗರದಲ್ಲಿ. ಶನಿವಾರ ಬೆಳಿಗ್ಗೆ ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ ನಡೆದುಕೊಂಡು ಹೋಗುವುದು ನನ್ನ ಅಭ್ಯಾಸ. ಆ ವಾರವೂ ಹೋದೆ. ಮೆಟ್ಟಿಲು ಹತ್ತುತ್ತಿರುವಾಗ ಮೇಲೆ ಯಾರೋ ಒಬ್ಬರು ವಿಚಿತ್ರವಾಗಿ ಇಳಿಯುತ್ತಿದ್ದರು. ಅಡ್ಡಡ್ಡಲಾಗಿ ನಿಂತು, ಮಂಡಿ ಸ್ವಲ್ಪ ಬಗ್ಗಿಸಿ, ಕೈ ಎರಡೂ ಮುಂದೆ ಚಾಚಿ, ಒಂದೊಂದೇ ಮೆಟ್ಟಿಲು. ಹತ್ತು ಮೆಟ್ಟಿಲು ಇಳಿದು, ಹಾಗೇ ಅಡ್ಡಲಾಗಿಯೇ ಮತ್ತೆ ಹತ್ತುತ್ತಿದ್ದರು. ಹಣ್ಣುಕಾಯಿಯ ಬುಟ್ಟಿ ಹಿಡಿದು ಬರುತ್ತಿದ್ದವರು ಬಳಸಿಕೊಂಡು ಹೋಗುತ್ತಿದ್ದರು. ಹತ್ತಿರ ಹೋದರೆ ಗಿರಿಜಾ ಮೇಡಂ.

"ಏನಾಯ್ತು ಮೇಡಂ, ಕಾಲು ಹಿಡ್ಕೊಂಡಿದ್ಯಾ?" ಎಂದೆ.

"ಇಲ್ಲ ವಿಶಾಲಾಕ್ಷಿ ಮೇಡಂ, ಸ್ಕೀ ಅಭ್ಯಾಸ. ಹಿಮದ ಇಳಿಜಾರನ್ನ ಮೊದಲು ಹೀಗೆ ಅಡ್ಡಡ್ಡ ಹತ್ತೋದು ಕಲಿಸ್ತಾರಂತೆ. ವಿಡಿಯೊ ನೋಡ್ಕೊಂಡು ಮೂರು ತಿಂಗಳಿಂದ ಮಾಡ್ತಿದ್ದೀನಿ."

ಮೂರು ತಿಂಗಳು. ನನ್ನ ಬಳಿ ಬರುವುದಕ್ಕೂ ಮುಂಚಿನಿಂದ. ಅಲ್ಲೇ ಕಟ್ಟೆಯ ಮೇಲೆ ಕೂತೆ. "ಮತ್ತೆ ಆ ಪಟ್ಟಿ ನೋಡಿದಾಗ ಯಾಕೆ ಏನೂ ಹೇಳ್ಲಿಲ್ಲ?"

"ಮೊದಲ ದಿನಾನೇ ಹೇಳಿದ್ನಲ್ಲ, ಸ್ಕೀ ಮಾಡ್ಬೇಕು ಅಂತ. ನೀವು ವೀಲ್‌ಚೇರ್ ಅಂತ ಬರ್ಕೊಂಡ್ರಿ." ಎದುರು ಕೂತೇ ತಲೆಕೆಳಗಾದ ಬರಹವನ್ನು ಅವರು ಓದಬಲ್ಲರು. ಮೂವತ್ತು ವರ್ಷ ಮಕ್ಕಳ ಎದುರು ನಿಂತವರಲ್ಲವೇ. "ಇವ್ರಿಗೆ ಹನ್ನೊಂದು ಜಾಗ ಅಂದ್ರೆ ಖುಷಿ ಆಯ್ತು. ಅದನ್ನ ಯಾಕೆ ಕೆಡಿಸ್ಲಿ ಅಂತ ಸುಮ್ನಾದೆ."

ಆಮೇಲೆ ಬೆವರು ಒರೆಸಿಕೊಂಡು ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ. "ಜೀವಮಾನ ಎಲ್ಲಾ ಮಕ್ಕಳನ್ನ ಓಡಿಸ್ದೆ, ಹಾರಿಸ್ದೆ. ಬಿದ್ರೆ ಎದ್ದೇಳು ಅಂದೆ. ನಾನೇ ಏನಾದ್ರೂ ಹೊಸದು ಕಲಿತು, ಬಿದ್ದು, ಎದ್ದು ಎಷ್ಟು ಕಾಲ ಆಯ್ತೋ. ಈ ಕಾಲು ಇರೋವಾಗ ಒಂದೇ ಒಂದ್ಸಲ ಮಾಡ್ಬೇಕು ಅನ್ನಿಸ್ತು. ಮಕ್ಕಳನ್ನ ಈಜು ಕಲಿಸ್ತೀನಿ ಅಂತ ಕರ್ಕೊಂಡು ಹೋಗಿ, ಕೊಳದ ಪಕ್ಕ ನಿಲ್ಸಿ ಫೋಟೊ ತೆಗ್ದು ವಾಪಸ್ ಕರ್ಕೊಂಡು ಬಂದಿದ್ರೆ ನಮ್ಮ ಹೆಡ್ ಮೇಡಂ ಸುಮ್ನೆ ಬಿಡ್ತಿದ್ರಾ?"

ನನಗೆ ಅವಮಾನವಾಯಿತು. ಅವರು ನನ್ನನ್ನು ಅವಮಾನಿಸಲಿಲ್ಲ, ನಗುನಗುತ್ತಲೇ ಹೇಳಿದರು. ಆದರೂ ಆಯಿತು. ದೇವರಿಗೆ ಕೈಮುಗಿಯುವಾಗಲೂ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಸೋಮವಾರ ಆಫೀಸಿಗೆ ಹೋದವಳು ಆ ಫೈಲನ್ನು ಬಿಚ್ಚಿ ಮೊದಲಿನಿಂದ ಶುರುಮಾಡಿದೆ.

ಹೊಸ ಯೋಜನೆ ಸರಳವಾಗಿತ್ತು. ಒಂದು ರಾತ್ರಿ ಟೋಕಿಯೊ. ಎರಡನೇ ದಿನ ಅದೇ ನಾಗಾನೊ ಕಡೆಯ ಬೆಟ್ಟದ ಒಂದು ಸಣ್ಣ ಊರಿಗೆ ರೈಲು, ಬಸ್ಸು. ಅಲ್ಲಿ ಒಂದು ಮನೆತನದವರು ನಡೆಸುವ ತಂಗುಮನೆಯಲ್ಲಿ ಐದು ರಾತ್ರಿ. ಮೂರನೇ ದಿನದಿಂದ ನಾಲ್ಕು ದಿನ, ದಿನಕ್ಕೆ ಎರಡು ಗಂಟೆ ಪಾಠ. ಏಳನೇ ದಿನ ವಾಪಸು ಟೋಕಿಯೊ.

ಮೂರ್ತಿ ಸಾರ್ ಕಾಗದ ನೋಡಿ ಕನ್ನಡಕ ತೆಗೆದರು. "ಐದು ರಾತ್ರಿ ಒಂದೇ ಊರಾ? ಇದೇನಮ್ಮ, ಬಾಣಂತನಕ್ಕೆ ಕಳಿಸ್ತಿದ್ದೀಯಾ?"

"ಅವರು ಕೇಳಿದ್ದು ಅದೇ ಸಾರ್. ನಾನೇ ಕೇಳಿಸ್ಕೊಳ್ಲಿಲ್ಲ."

"ಯಜಮಾನ್ರು ಒಪ್ಪಲ್ಲ ನೋಡು," ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಆ ಸಂಜೆಯೇ ನಾನು ಕತ್ರಿಗುಪ್ಪೆಯ ಅಂಗಡಿಗೆ ಹೋದೆ. ಬಸವರಾಜು ಒಂದು ಕಮೋಡಿನ ಮುಚ್ಚಳ ಎತ್ತಿ ಗಿರಾಕಿಗೆ ವಿವರಿಸುತ್ತಿದ್ದರು. ನನ್ನ ಕಾಗದ ಓದಿ, "ಅಲ್ಲ ಮೇಡಂ, ಐದು ದಿನ ಅಲ್ಲಿ ನಾನೇನು ಮಾಡ್ಲಿ? ನೋಡೋಕೆ ಏನಿದೆ?" ಎಂದು ಮುಖ ಹುಳ್ಳಗೆ ಮಾಡಿದರು.

ಮೊದಲು ಗುಡ್ಡದ ಮೆಟ್ಟಿಲಿನ ವಿಷಯ ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. ಹೆಂಡತಿ ಬೆಳಿಗ್ಗೆ ವಾಕಿಂಗ್ ಹೋಗುತ್ತಾಳೆಂದಷ್ಟೇ ತಿಳಿದಿದ್ದರು. "ಮೂರು ತಿಂಗಳಿಂದಾನಾ?" ಎಂದು ಕೇಳಿ ನಲ್ಲಿಯೊಂದನ್ನು ತಿರುಗಿಸುತ್ತಾ ಕೂತರು. ಮನಸ್ಸು ಕರಗಿತ್ತು, ಆದರೆ ಹನ್ನೊಂದು ಜಾಗ ಬಿಟ್ಟುಕೊಡಲು ಸಂಕಟ. ಆಗ ನಾನು ತಂಗುಮನೆಯ ಬಾತ್‌ರೂಮಿನ ಚಿತ್ರ ತೋರಿಸಿದೆ. ತಾನಾಗಿ ಮುಚ್ಚಳ ಎತ್ತುವ ಕಮೋಡು, ಬೆಚ್ಚಗಿನ ಸೀಟು, ಪಕ್ಕದಲ್ಲಿ ಸಾಲಾಗಿ ಬಟನ್ನುಗಳು. ಅವರು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಮತ್ತೊಮ್ಮೆ ದೊಡ್ಡದು ಮಾಡಿದರು.

"ಇದನ್ನ ಬಿಚ್ಚಿ ನೋಡೋಕೆ ಬಿಡ್ತಾರಾ?"

"ಬಿಚ್ಚೋದು ಗೊತ್ತಿಲ್ಲ ಸಾರ್. ಐದು ದಿನ ಉಪಯೋಗಿಸಬಹುದು."

"ಸರಿ, ಹಾಕಿ," ಎಂದರು.

ಇನ್ನು ತಂಗುಮನೆಯ ಒಡತಿಗೆ ಪ್ರಶ್ನೆಗಳು. ಸಿಂಗಪುರದ ಪಾಠದಂತೆ ಒಂದೊಂದಾಗಿ ಬರೆದೆ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಒಣಮೀನು ಕುದಿಸಿದ ನೀರೂ ಬೇಡ. ಆ ಕೊನೆಯದೇ ಮುಖ್ಯ, ಅಲ್ಲಿ ಹೆಚ್ಚಿನ ಸಾರಿಗೆಲ್ಲ ಅದೇ ಬುನಾದಿ. ಆಕೆ ಪ್ರಾಮಾಣಿಕವಾಗಿ ಉತ್ತರಿಸಿದರು. ಹಾಗಾದರೆ ತಮ್ಮ ಸಾರು ಕೊಡಲಾಗುವುದಿಲ್ಲ, ಅನ್ನ, ತರಕಾರಿ, ಟೋಫು ಎಂಬ ಸೋಯಾ ಗಿಣ್ಣು ಕೊಡುತ್ತೇವೆ, ಉಳಿದದ್ದು ನೀವು ತಂದುಕೊಂಡರೆ ನಮಗೇನೂ ಬೇಸರವಿಲ್ಲ ಎಂದರು. ಮತ್ತೊಂದು ಪ್ರಶ್ನೆಯನ್ನು ಗಿರಿಜಾ ಮೇಡಂ ಕೇಳಿರಲಿಲ್ಲ, ನಾನೇ ಕೇಳಿದೆ. ಅವರ ಕೊರಳಲ್ಲಿ ಬೆಳ್ಳಿ ಕರಡಿಗೆಯಲ್ಲಿ ಇಷ್ಟಲಿಂಗವಿದೆ, ಅದನ್ನವರು ಮೈಮೇಲಿಂದ ತೆಗೆಯುವುದಿಲ್ಲ. ಎಲ್ಲರೂ ಒಟ್ಟಿಗೆ ಸ್ನಾನ ಮಾಡುವ ನಿಮ್ಮ ಬಿಸಿನೀರಿನ ಕೊಳದಲ್ಲಿ ಗಂಧಕವಿದ್ದರೆ ಬೆಳ್ಳಿ ಕಪ್ಪಾಗುತ್ತದಲ್ಲ? ನಮ್ಮ ನೀರಿನಲ್ಲಿ ಗಂಧಕವಿಲ್ಲ, ಅವರೊಬ್ಬರೇ ಸ್ನಾನ ಮಾಡಲು ಬೇರೆ ಹೊತ್ತು ಬಿಡಿಸಿ ಕೊಡುತ್ತೇವೆ ಎಂದು ಉತ್ತರ ಬಂತು. ಇದನ್ನು ಹೇಳಿದಾಗ ಗಿರಿಜಾ ಮೇಡಂ ನನ್ನ ಕೈ ಹಿಡಿದುಕೊಂಡರು. ವೀಲ್‌ಚೇರಿನ ತಪ್ಪು ಅಷ್ಟರಮಟ್ಟಿಗೆ ಮನ್ನಾ ಆಯಿತು.

ಸಂಕ್ರಾಂತಿಯ ಎಳ್ಳುಬೆಲ್ಲ ಕೊಟ್ಟು ಅವರು ಹೊರಟರು. ಅಲ್ಲಿನ ಅನ್ನ ಒಗ್ಗದಿದ್ದರೆ ಇರಲಿ ಎಂದು ನಾನು ಒಂದು ರೈಸ್ ಕುಕ್ಕರನ್ನೂ ಚಟ್ನಿಪುಡಿಯನ್ನೂ ಕೊಟ್ಟಿದ್ದೆ. ಎರಡನೇ ದಿನ ಮಧ್ಯಾಹ್ನ ಬಸವರಾಜು ಫೋನ್ ಮಾಡಿದರು. ಅಲ್ಲಿ ಆಗಲೇ ರಾತ್ರಿ ಊಟದ ಹೊತ್ತು.

"ಮೇಡಂ, ರೈಸ್ ಕುಕ್ಕರ್ ಹಾಕಿ ಒಂದೂವರೆ ಗಂಟೆ ಆಯ್ತು. ಅಕ್ಕಿ ಬೆಚ್ಚಗೆ ಕೂತಿದೆ, ಬೇಯ್ತಾ ಇಲ್ಲ."

ಇದು ನನ್ನದೇ ತಪ್ಪು. ಪ್ಲಗ್ಗಿಗೆ ಬೇರೆ ಪಿನ್ ಕೊಟ್ಟು ಕಳಿಸಿದ್ದೆ, ಅಲ್ಲಿನ ವೋಲ್ಟೇಜ್ ನಮ್ಮದರ ಅರ್ಧಕ್ಕಿಂತ ಕಡಿಮೆ ಎಂಬುದು ಹೊಳೆದಿರಲಿಲ್ಲ. ಅಷ್ಟರಲ್ಲಿ ಹಿಂದೆ ಯಾರೋ ಹೆಂಗಸು ನಗುವುದು ಕೇಳಿಸಿತು. ಒಡತಿ ಇಣುಕಿ ನೋಡಿ, ಬಿಸಿ ಅನ್ನದ ಬಟ್ಟಲು ತಂದಿಟ್ಟರಂತೆ. ಐದು ದಿನವೂ ಅವರ ಅನ್ನ, ನಮ್ಮ ಚಟ್ನಿಪುಡಿ ಹೊಂದಿಕೊಂಡು ಹೋದವು. ಹೊರದೇಶಕ್ಕೆ ಕುಕ್ಕರ್ ಕೊಡುವಾಗ ವೋಲ್ಟೇಜ್ ನೋಡಿ, ಪಿನ್ ಮಾತ್ರ ನೋಡಬೇಡಿ.

ಮೂರನೇ ದಿನ ಗಿರಿಜಾ ಮೇಡಂ ತಾವೇ ಮಾತಾಡಿದರು. ದನಿ ದಣಿದಿತ್ತು. "ಬೂಟು ಕಬ್ಬಿಣದ ಥರ ಭಾರ. ಎಷ್ಟು ಸಲ ಬಿದ್ದೆ ಅಂತ ಲೆಕ್ಕ ಇಲ್ಲ. ಒಂದು ಮಾರು ದೂರಾನೂ ಜಾರೋಕೆ ಆಗ್ಲಿಲ್ಲ. ಹತ್ತೋದು ಮಾತ್ರ ಚೆನ್ನಾಗಿ ಬರುತ್ತೆ. ಎಲ್ಲಿ ಕಲಿತ್ರಿ ಅಂತ ಮಾಸ್ಟ್ರು ಕೇಳಿದ್ರು. ದೇವಸ್ಥಾನದಲ್ಲಿ ಅಂದೆ."

"ಮಂಡಿ ಹೇಗಿದೆ?"

"ಇದೆ," ಎಂದರು. ಅಷ್ಟೇ.

ನಾಲ್ಕನೇ ದಿನ ಆಫೀಸಿಗೆ ಕಾಲಿಡುವಷ್ಟರಲ್ಲಿ ಮತ್ತೆ ಬಸವರಾಜು ಅವರ ಫೋನು. "ಮೇಡಂ, ಬೆಟ್ಟ ಬಂದ್. ಬೆಳಿಗ್ಗೆಯಿಂದ ಹಿಮಗಾಳಿ, ಕೈ ಚಾಚಿದ್ರೆ ಕೈ ಕಾಣ್ತಿಲ್ಲ. ಸುತ್ತಮುತ್ತ ಎಲ್ಲೂ ಯಾರನ್ನೂ ಬಿಡ್ತಿಲ್ವಂತೆ. ಇವಳು ಕಿಟಕಿ ಹತ್ರ ಕೂತವಳು ಎದ್ದಿಲ್ಲ."

ಫೋನಿಟ್ಟು ಡ್ರಾಯರಿನಿಂದ ಹಳೆಯ ಪಟ್ಟಿ ತೆಗೆದೆ. ‘ನಾಲ್ಕನೇ ದಿನ: ಸ್ನೋ ಪಾಯಿಂಟ್, 10ರಿಂದ 1.’ ಅದೇ ಸೀಮೆಯ ಬೆಟ್ಟ, ಅದೇ ದಿನ. ನನ್ನ ಹನ್ನೊಂದು ಜಾಗದ ಪಟ್ಟಿ ಹಿಡಿದು ಹೋಗಿದ್ದರೆ ಅವರು ಬಸ್ಸಿನ ಕಿಟಕಿಯಿಂದ ಬಿಳಿ ಗಾಳಿ ನೋಡಿ ಕ್ಯೋಟೊ ರೈಲು ಹತ್ತಬೇಕಿತ್ತು. ಮೂರು ತಿಂಗಳ ಮೆಟ್ಟಿಲು ಅಲ್ಲಿಗೆ ಮುಗಿಯುತ್ತಿತ್ತು. ಕಾಗದವನ್ನು ಮೂರ್ತಿ ಸಾರ್ ಮುಂದೆ ಇಟ್ಟು ವಿಷಯ ಹೇಳಿದೆ. ಅವರು ನಾಲ್ಕನೇ ದಿನದ ಸಾಲು ಓದಿ, ಕಾಫಿ ತರಿಸಿದರು.

ಐದನೇ ದಿನ ಗಾಳಿ ನಿಂತಿತು. ಎರಡು ಗಂಟೆ ಪೂರ್ತಿ ಜಾರುತ್ತಾ ಬಂದು ನಿಲ್ಲುವುದನ್ನೇ ಕಲಿತರಂತೆ: ಕಾಲಿಗೆ ಕಟ್ಟಿದ ಸ್ಕೀ ಹಲಗೆಗಳ ಮುಂತುದಿ ಹತ್ತಿರ, ಹಿಂದೆ ಅಗಲ. ಆರನೇ ದಿನ ನನ್ನ ಫೋನಿಗೆ ಒಂದು ವಿಡಿಯೊ ಬಂತು.

ತೆಗೆದವರು ಬಸವರಾಜು. ಮೊದಲು ಅವರ ಹೆಬ್ಬೆರಳು, ಆಮೇಲೆ ಹಿಮ, ಆಮೇಲೆ ದೂರದಲ್ಲಿ ಕೆಂಪು ಟೋಪಿಯ ಗಿರಿಜಾ ಮೇಡಂ. ಕಲಿಯುವವರ ಇಳಿಜಾರು, ಏನೂ ಮಹಾ ಎತ್ತರವಿಲ್ಲ. ಪಕ್ಕದಲ್ಲಿ ಬೆರಳೆತ್ತರದ ಜಪಾನಿ ಮಕ್ಕಳು ಸುಯ್ಯೆಂದು ಹೋಗುತ್ತಿದ್ದರು. ಇವರು ಮಂಡಿ ಬಗ್ಗಿಸಿ, ಕೈ ಮುಂದೆ ಚಾಚಿ, ಗುಡ್ಡದ ಮೆಟ್ಟಿಲಿನ ಮೇಲೆ ನಿಂತಿದ್ದ ಹಾಗೆಯೇ ನಿಂತು, ನಿಧಾನವಾಗಿ ಜಾರಿಕೊಂಡು ಬಂದರು. ಎಡಕ್ಕೆ ತಿರುಗಿದರು. ಬಲಕ್ಕೆ ತಿರುಗಿದರು. "ಬಿದ್ಲು, ಬಿದ್ಲು, ಇಲ್ಲ, ಬಂದ್ಲು," ಎಂದು ಬಸವರಾಜು ಒಳಗೊಳಗೇ ಹೇಳಿಕೊಳ್ಳುವುದು ಕೇಳಿಸುತ್ತಿತ್ತು. ಮೇಲಿನಿಂದ ಕೆಳಗಿನವರೆಗೆ ಬಂದು ಅವರ ಎದುರಿಗೇ ನಿಂತರು. ಬೀಳಲಿಲ್ಲ. ನಾನು ಮೇಜಿನ ಮುಂದೆಯೇ ಅತ್ತುಬಿಟ್ಟೆ. ಮೂವತ್ತೊಂದು ವರ್ಷದಲ್ಲಿ ಗಿರಾಕಿಗಳ ಬೈಗುಳಕ್ಕೆ ಅತ್ತಿದ್ದುಂಟು, ಖುಷಿಗೆ ಅತ್ತದ್ದು ಅದೊಂದೇ ಸಲ.

ಅವರು ವಾಪಸು ಬಂದು ಆಫೀಸಿಗೆ ಸಿಹಿ ತಂದಾಗ ಅದು ನನ್ನ ಕೊನೆಯ ವಾರ. ಬೇರೆ ಗಿರಾಕಿಗಳೂ ಕೂತಿದ್ದರು. ಮೂರ್ತಿ ಸಾರ್ ಅಭ್ಯಾಸಬಲದಿಂದ ಕೇಳಿಯೇಬಿಟ್ಟರು. "ಏನ್ ಸಾರ್, ಒಟ್ಟು ಎಷ್ಟು ಪಾಯಿಂಟ್ ಆಯ್ತು?"

ಬಸವರಾಜು ಕಮೋಡಿನ ಬಟನ್ನುಗಳ ವರ್ಣನೆಯಲ್ಲಿದ್ದವರು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು. "ಒಂದೇ ಸಾರ್. ಇವಳು ಬಂದು ನಿಂತ್ಲಲ್ಲ, ಅದು."

ಗಿರಿಜಾ ಮೇಡಂ, "ಸುಮ್ನಿರಿ," ಎಂದು ಗದರಿದರು. ಮೂರ್ತಿ ಸಾರ್ ಸಿಹಿಯ ಡಬ್ಬಿಯನ್ನು ಗಿರಾಕಿಗಳ ಕಡೆ ನೂಕಿದರು.

ಇದಾಗಿ ಎರಡು ಚಳಿಗಾಲ ಕಳೆದಿವೆ. ನಾನೀಗ ಶನಿವಾರ ಮಾತ್ರವಲ್ಲ, ದಿನವೂ ಗುಡ್ಡಕ್ಕೆ ಹೋಗುತ್ತೇನೆ. ಗಿರಿಜಾ ಮೇಡಂ ಮೆಟ್ಟಿಲು ಹತ್ತುವುದಿಲ್ಲ. ಕೆಳಗಿನ ಕಟ್ಟೆಯ ಮೇಲೆ ಕೂತಿರುತ್ತಾರೆ, ನಾನು ಅವರ ಪಾಲಿನ ಪ್ರಸಾದವನ್ನೂ ಹಿಡಿದು ಇಳಿಯುತ್ತೇನೆ. ಮೊನ್ನೆ ಅದೇ ಡಾಕ್ಟರ ಹತ್ತಿರ ಹೋಗಿದ್ದರಂತೆ. ಹೇಳಿದ ಹಾಗೆಯೇ ಅವರು ಬೇಡ ಅಂದರಂತೆ, ಇನ್ನು ಇಳಿಜಾರಿನ ಮಾತೇ ಬೇಡ, ಮಂಡಿಯ ಆಪರೇಷನ್ನಿಗೆ ದಿನ ನೋಡೋಣ ಎಂದರಂತೆ.

"ಛೆ, ಬೇಜಾರಾಯ್ತಾ?" ಎಂದೆ.

ಅವರು ಕೊಬ್ಬರಿ ಚೂರನ್ನು ಬಾಯಿಗೆ ಹಾಕಿಕೊಂಡರು. ಅಡ್ಡಡ್ಡಲಾಗಿ ಇಳಿದಿದ್ದ ಆ ಮೆಟ್ಟಿಲುಗಳನ್ನು ಒಮ್ಮೆ ತಲೆಯೆತ್ತಿ ನೋಡಿದರು.

"ಯಾಕೆ ಬೇಜಾರು," ಎಂದರು. "ಮಾಡಿ ಆಯ್ತಲ್ಲ."